ಉದ್ಯೋಗ ಚಿಂತನ: ದತ್ತಾಂಶ ವಿಜ್ಞಾನಿಯ ಸಂಬಳ

ಅಮೆರಿಕೆಯಲ್ಲಿ ದತ್ತಾಂಶ ವಿಜ್ಞಾನಿಗೆ, ಅಂದರೆ ಡೇಟಾ ಸೈಂಟಿಸ್ಟನಿಗೆ, ಕೈತುಂಬ ಸಂಬಳವೆಂದು ಕೇಳಿ ಸಾಲ ಮಾಡಿಯಾದರೂ ಮಕ್ಕಳನ್ನು ಅಲ್ಲಿಗೆ ಕಳುಹಿಸಲು ಮುಂದಾಗುವ ತಂದೆತಾಯಂದಿರುಂಟು. ಅವರು ಮೊದಲು ಲೆಕ್ಕವನ್ನು ಸರಿಯಾಗಿ ಅರಿಯುವುದು ಒಳಿತು.

ಆ ದೇಶದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2024ರ ಮೇ ತಿಂಗಳಲ್ಲಿ ಈ ವೃತ್ತಿಯ ಮಧ್ಯಮ ವಾರ್ಷಿಕ ವೇತನ 1,12,590 ಡಾಲರ್. ಮಧ್ಯಮವೆಂದರೆ ಅರ್ಧದಷ್ಟು ಜನರ ಗಳಿಕೆ ಇದಕ್ಕಿಂತ ಕಡಿಮೆಯೆಂದೇ ಅರ್ಥ. ಹೊಸಬರು ಸಾಮಾನ್ಯವಾಗಿ ಆ ಸಾಲಿನವರೇ. ತೆರಿಗೆ, ಬಾಡಿಗೆ ಕಳೆದು ಉಳಿದುದರಲ್ಲಿಯೇ ಸಾಲದ ಕಂತೂ ಸಲ್ಲಬೇಕು.

ಇನ್ನು ಸಂಬಳ ಹೆಚ್ಚುವ ಬಗೆ. ಅದು ಪ್ರಮಾಣಪತ್ರಗಳ ರಾಶಿಯಿಂದ ಆಗುವ ಕೆಲಸವಲ್ಲ. ಸಂಖ್ಯಾಶಾಸ್ತ್ರದ ತಳಹದಿ ಭದ್ರವಾಗಿರಬೇಕು. ಪೈಥಾನ್, ಎಸ್‌ಕ್ಯೂಎಲ್‌ಗಳಲ್ಲಿ ಕೈ ಪಳಗಬೇಕು. ಬ್ಯಾಂಕು, ವಿಮೆ, ಆಸ್ಪತ್ರೆ, ಹೀಗೆ ಒಂದು ಕ್ಷೇತ್ರದ ವ್ಯವಹಾರವನ್ನು ಆಳವಾಗಿ ತಿಳಿದು, ತನ್ನ ಕೆಲಸದಿಂದ ಸಂಸ್ಥೆಗೆ ಉಳಿದ ಹಣವೆಷ್ಟೆಂದು ತೋರಿಸಬಲ್ಲವರ ಮಾತಿಗೆ ತೂಕವುಂಟು. ಕ್ಯಾಲಿಫೋರ್ನಿಯಾದಲ್ಲಿ 15 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಹುದ್ದೆಯ ಜಾಹೀರಾತಿನಲ್ಲಿಯೇ ವೇತನದ ಮಿತಿಯನ್ನು ತಿಳಿಸಬೇಕೆಂಬ ಕಾನೂನು 2023ರಿಂದ ಇದೆ. ಅದನ್ನು ಓದಿಕೊಂಡು, ಒಪ್ಪುವ ಮುನ್ನವೇ ತಕ್ಕ ಸಂಬಳ ಕೇಳುವುದು ದುರಾಸೆಯಲ್ಲ.

ಕಲಿಯಲು ಕಡಲು ದಾಟಲೇಬೇಕೆಂದೂ ಇಲ್ಲ. ಮದ್ರಾಸಿನ ಐಐಟಿ 2020ರಲ್ಲಿ ಆರಂಭಿಸಿದ ದತ್ತಾಂಶ ವಿಜ್ಞಾನದ ಪಾಠಗಳನ್ನು ಮನೆಯಲ್ಲಿಯೇ ಕುಳಿತು ಕಲಿಯಬಹುದು. ಮಕ್ಕಳಿಗೆ ಗಣಿತದಲ್ಲಿ ಒಲವಿದೆಯೇ ಎಂಬುದನ್ನು ಅಲ್ಲಿ ಪರೀಕ್ಷಿಸಿ, ಆಮೇಲೆ ಸಾಲದ ಪತ್ರಕ್ಕೆ ಸಹಿ ಹಾಕುವುದು ವಿವೇಕ.