ಈ ಹೆಸರು ಯಾರದ್ದು?

ಊರಿಗೆ ಹೊಸಬರು ಬಂದರೆ ಕಟ್ಟೆಯ ಮೇಲೆ ಕೂತವರು ಮೊದಲು ಕೇಳುವುದು ‘ಯಾರ ಮನೆಯವರಪ್ಪಾ ನೀವು?’ ಎಂದು. ಅಂತರ್ಜಾಲ ಇದೇ ಪ್ರಶ್ನೆಯನ್ನು ನಲವತ್ತಕ್ಕೂ ಹೆಚ್ಚು ವರ್ಷಗಳಿಂದ ಕೇಳುತ್ತಿದೆ. ಆ ವ್ಯವಸ್ಥೆಯ ಹೆಸರೇ ‘ಹೂಈಸ್’, ಅಂದರೆ ‘ಯಾರಿವರು?’. ಡೊಮೇನ್ ಹೆಸರೊಂದನ್ನು ಕೊಟ್ಟರೆ ಅದನ್ನು ನೋಂದಾಯಿಸಿದವರು ಯಾರು, ಎಂದು ನೋಂದಣಿಯಾಯಿತು, ಅವಧಿ ಯಾವಾಗ ಮುಗಿಯುತ್ತದೆ ಎಂಬುದನ್ನು ಅದು ಹೇಳುತ್ತಿತ್ತು. ಡಾಟ್ ಕಾಮ್, ಡಾಟ್ ಆರ್ಗ್‌ನಂಥ ಹೆಸರುಗಳ ಮಟ್ಟಿಗೆ 2025ರ ಜನವರಿ 28ರಿಂದ ಹೂಈಸ್ ಕಡ್ಡಾಯವಲ್ಲ. ಆ ಜಾಗದಲ್ಲಿ ಈಗ ‘ಆರ್‌ಡ್ಯಾಪ್’ ಇದೆ. ಬದಲಾವಣೆ ಹೆಚ್ಚಿನವರ ಗಮನಕ್ಕೇ ಬರಲಿಲ್ಲ. ಆದರೆ ಕುಂದುಗಳು ಗೊತ್ತಿದ್ದೂ ಹಳೆಯದು ಇಷ್ಟು ಕಾಲ ಬಾಳಿದ್ದು ಹೇಗೆ?

1970ರ ದಶಕದಲ್ಲಿ, ಇಂಟರ್‌ನೆಟ್‌ನ ಪೂರ್ವಜ ಅರ್ಪಾನೆಟ್ ಒಂದು ಸಣ್ಣ ಊರಿನಂತಿತ್ತು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಎಲ್ಲ ಕಂಪ್ಯೂಟರ್‌ಗಳ ಹೆಸರು, ವಿಳಾಸಗಳನ್ನು ಒಂದೇ ಕಡತದಲ್ಲಿ ಇಟ್ಟುಕೊಂಡಿತ್ತು. ಅಲ್ಲಿಯೇ 1982ರಲ್ಲಿ ಕೆನ್ ಹ್ಯಾರೆನ್‌ಸ್ಟೀನ್ ಮತ್ತು ವಿಕ್ ವೈಟ್ ಹೂಈಸ್‌ನ ನಿಯಮಗಳನ್ನು ಬರೆದರು. ನಿಯಮ ಎಂದರೂ ಇಷ್ಟೇ: ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಕಳಿಸು, ಉತ್ತರ ಪಠ್ಯವಾಗಿ ಬರುತ್ತದೆ, ಸಂಪರ್ಕ ಮುಗಿಯುತ್ತದೆ. ಹೆಸರು, ಅಂಚೆ ವಿಳಾಸ, ಫೋನ್ ನಂಬರ್ ಎಲ್ಲವೂ ಅದರಲ್ಲಿ ಸಿಗುತ್ತಿದ್ದವು. ಬಳಸುವವರೆಲ್ಲ ಒಬ್ಬರಿಗೊಬ್ಬರು ಪರಿಚಿತರೇ ಆಗಿದ್ದಾಗ ಬಚ್ಚಿಡಲು ಏನಿತ್ತು?

ಊರು ಬೆಳೆಯಿತು. ಒಂದೇ ಕಡತ ಎಲ್ಲರ ಹೆಸರನ್ನೂ ಹೊರಲಾರದೆ ಹೋದಾಗ, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ವ್ಯವಸ್ಥೆಯನ್ನು ರೂಪಿಸಿ ಹೆಸರುಗಳ ಭಾರವನ್ನು ಹಂಚಿದರು. ಹೂಈಸ್ ಮಾತ್ರ ಇದ್ದಂತೆಯೇ ಉಳಿಯಿತು. ಉತ್ತರ ಹೇಗಿರಬೇಕೆಂದು ಅದರ ನಿಯಮಗಳು ಹೇಳಿರಲಿಲ್ಲವಾದ್ದರಿಂದ, ಒಬ್ಬೊಬ್ಬ ಶಾನುಭೋಗರ ಲೆಕ್ಕದ ಪುಸ್ತಕ ಒಂದೊಂದು ಬಗೆಯಲ್ಲಿದ್ದಂತೆ ಒಂದೊಂದು ನೋಂದಣಿ ಸಂಸ್ಥೆ ತನಗೆ ತೋಚಿದ ಹಾಗೆ ಉತ್ತರಿಸತೊಡಗಿತು. ಮನುಷ್ಯರು ಓದಿ ಅರ್ಥಮಾಡಿಕೊಳ್ಳಬಹುದು. ಸಾವಿರಾರು ಹೆಸರುಗಳನ್ನು ಪರಿಶೀಲಿಸಬೇಕಾದ ತಂತ್ರಾಂಶ ತಡವರಿಸುತ್ತದೆ. ಉತ್ತರ ಯಾವ ಲಿಪಿಯ ಸಂಕೇತದಲ್ಲಿದೆ ಎಂದು ತಿಳಿಸುವ ದಾರಿಯೂ ಇರಲಿಲ್ಲ. 2004ರಲ್ಲಿ ಪರಿಷ್ಕೃತವಾದ ಹೂಈಸ್ ನಿಯಮಾವಳಿ ಈ ಕೊರತೆಯನ್ನೂ ಭದ್ರತೆಯ ಕೊರತೆಯನ್ನೂ ತಾನೇ ಒಪ್ಪಿಕೊಂಡಿತ್ತು.

ಬದಲಿಗೆ ಬೇರೆಯದನ್ನು ತರುವ ಪ್ರಯತ್ನ ನಡೆಯಲಿಲ್ಲವೆಂದಲ್ಲ. 1995ರಲ್ಲಿ ‘ಹೂಈಸ್ ಪ್ಲಸ್ ಪ್ಲಸ್’ ಬಂತು, 2005ರಲ್ಲಿ ‘ಐರಿಸ್’ ಬಂತು. ಎರಡೂ ಹಳೆಯದಕ್ಕಿಂತ ಅಚ್ಚುಕಟ್ಟಾಗಿದ್ದವು, ಎರಡೂ ಬೇರೂರಲಿಲ್ಲ. ಮಾನಕ ಎಂಬುದು ಊರಿಗೆಲ್ಲ ರೂಢಿಯಾದ ಅಳತೆಯ ಸೇರಿನಂತೆ. ಒಬ್ಬರು ಬದಲಿಸಿದರೆ ಪ್ರಯೋಜನವಿಲ್ಲ, ಎಲ್ಲರೂ ಬದಲಿಸಲು ಕಾರಣ ಬೇಕು.

ಆ ಕಾರಣ ಎರಡು ಕಡೆಯಿಂದ ಬಂತು. ಮೊದಲನೆಯದು ಅನುಕೂಲ. 2015ರ ಮಾರ್ಚ್‌ನಲ್ಲಿ ಪ್ರಕಟವಾದ ಆರ್‌ಡ್ಯಾಪ್ ಹೊಸದೊಂದು ಯಂತ್ರವನ್ನು ಕಟ್ಟಲಿಲ್ಲ. ನಮ್ಮ ಬ್ರೌಸರ್‌ಗಳು ದಿನವೂ ಬಳಸುವ ವೆಬ್ ಮಾರ್ಗವನ್ನೇ ಬಳಸಿತು. ಉತ್ತರದ ಪ್ರತಿ ಅಂಶಕ್ಕೂ ಗೊತ್ತಾದ ಹೆಸರು, ಗೊತ್ತಾದ ಜಾಗ ಕೊಟ್ಟಿತು. ತಂತ್ರಜ್ಞರು ಹೊಸದಾಗಿ ಕಲಿಯಬೇಕಾದದ್ದು ಕಡಿಮೆಯಿತ್ತು.

ಎರಡನೆಯದು ಕಾನೂನು. 2018ರ ಮೇ 25ರಂದು ಯುರೋಪ್ ಒಕ್ಕೂಟದ ಖಾಸಗಿ ಮಾಹಿತಿ ರಕ್ಷಣಾ ಕಾಯ್ದೆ ಜಾರಿಗೆ ಬಂತು. ಯಾರದೋ ಮನೆಯ ವಿಳಾಸ, ಫೋನ್ ನಂಬರನ್ನು ಕೇಳಿದವರಿಗೆಲ್ಲ ಕೊಡುವುದು ಅಪಾಯವಾಯಿತು. ಹೆಸರುಗಳ ಮೇಲ್ವಿಚಾರಣೆ ನಡೆಸುವ ಐಕ್ಯಾನ್ ಅದಕ್ಕೆ ಒಂದು ವಾರ ಮೊದಲು ತಾತ್ಕಾಲಿಕ ನಿಯಮ ತಂದು, ವೈಯಕ್ತಿಕ ವಿವರಗಳನ್ನು ಮರೆಮಾಡಲು ದಾರಿಮಾಡಿತು. ಕೇಳಿದವರು ಯಾರೆಂದು ಹೂಈಸ್‌ಗೆ ತಿಳಿಯುವಂತಿರಲಿಲ್ಲ. ಕೊಟ್ಟರೆ ಎಲ್ಲರಿಗೂ ಕೊಡಬೇಕು, ಇಲ್ಲವಾದರೆ ಯಾರಿಗೂ ಇಲ್ಲ. ಆರ್‌ಡ್ಯಾಪ್ ಮಾತ್ರ ‘ಕೇಳುತ್ತಿರುವ ನೀವು ಯಾರು?’ ಎಂದು ತಿರುಗಿ ಕೇಳಬಲ್ಲದು. 2019ರ ಆಗಸ್ಟ್‌ನಲ್ಲಿ ಐಕ್ಯಾನ್ ಅದನ್ನು ಕಡ್ಡಾಯ ಮಾಡಿತು.

ಕನ್ನಡಿಗರಿಗೂ ಇದರಲ್ಲೊಂದು ಪಾಲಿದೆ. ‘ಡಾಟ್ ಭಾರತ’ ಎಂಬ ಹೆಸರು ಕನ್ನಡ ಲಿಪಿಯಲ್ಲಿಯೂ ಇದೆ. ಆದರೆ ಡಿಎನ್‌ಎಸ್‌ನ ಒಳಗೆ ಅದು ಇಂಗ್ಲಿಷ್ ಅಕ್ಷರಗಳ, ಓದಲಾಗದ ಒಂದು ಸಾಲಾಗಿ ಸಂಚರಿಸುತ್ತದೆ. ಆರ್‌ಡ್ಯಾಪ್ ಉತ್ತರದಲ್ಲಿ ಆ ಸಾಲಿಗೊಂದು, ಕನ್ನಡದ ರೂಪಕ್ಕೊಂದು ಹೀಗೆ ಎರಡು ಪ್ರತ್ಯೇಕ ಜಾಗಗಳಿವೆ.

ಇಷ್ಟಾದರೂ ಆರ್‌ಡ್ಯಾಪ್ ಎಲ್ಲವನ್ನೂ ಬಗೆಹರಿಸಿದೆ ಎನ್ನಲಾಗದು. ಬಾಗಿಲಿಗೆ ಬೀಗ ಹಾಕುವ ವ್ಯವಸ್ಥೆ ಬಂದಿದೆ. ಕೀಲಿ ಯಾರ ಕೈಯಲ್ಲಿರಬೇಕು ಎಂಬುದನ್ನು ತಂತ್ರಜ್ಞಾನ ಹೇಳದು. ಪೊಲೀಸರಿಗೆ ಎಷ್ಟು, ವಂಚನೆಯ ಜಾಡು ಹಿಡಿಯುವ ಪತ್ರಕರ್ತರಿಗೆ ಎಷ್ಟು ಎಂಬ ವಾದ ಇನ್ನೂ ನಡೆಯುತ್ತಿದೆ. ಡಾಟ್ ಇನ್‌ನಂಥ ದೇಶಗಳ ಹೆಸರುಗಳಿಗೆ ಐಕ್ಯಾನ್‌ನ ಈ ಕಟ್ಟುಪಾಡು ಅನ್ವಯಿಸುವುದಿಲ್ಲ.

ಸಾಮಾನ್ಯರಿಗೆ ಉಳಿದಿರುವುದೇನು? ‘ಯಾರು’ ಎಂಬ ಉತ್ತರಕ್ಕೆ ಪರದೆ ಬಿದ್ದಿದ್ದರೂ ‘ಎಂದು’ ಎಂಬುದು ಸಾಮಾನ್ಯವಾಗಿ ಇನ್ನೂ ಕಾಣುತ್ತದೆ. ನಿಮ್ಮ ಖಾತೆ ಬಂದ್ ಆಗುತ್ತದೆ ಎಂದು ಹೆದರಿಸುವ ಸಂದೇಶದಲ್ಲಿ ಕೊಂಡಿಯೊಂದು ಇದ್ದರೆ, ಅದನ್ನು ಒತ್ತದೆ ಆ ಡೊಮೇನ್ ಹೆಸರನ್ನಷ್ಟೇ ಐಕ್ಯಾನ್‌ನ ಹುಡುಕುತಾಣದಲ್ಲಿ ಕೊಟ್ಟು ನೋಡಿ. ದಶಕಗಳ ಹಳೆಯ ಬ್ಯಾಂಕಿನ ತಾಣ ಹೋದ ವಾರವಷ್ಟೇ ನೋಂದಣಿಯಾಗಿದ್ದರೆ, ಹಿಂದೆ ಇರುವವರ ಹೆಸರು ತಿಳಿಯದಿದ್ದರೂ ಅವರ ಉದ್ದೇಶ ತಿಳಿದಂತೆಯೇ.