ಇಂಧನದ ನಲ್ಲಿ ಕೋಡಿನ ಕೈಗೆ ಬೇಡ

ನಮ್ಮ ಸಾಫ್ಟ್‌ವೇರ್ ಮಂದಿಗೆ ಒಂದು ಚಾಳಿ ಇದೆ. ಮನುಷ್ಯ ಕೈಯಲ್ಲಿ ಮಾಡೋ ಕೆಲಸ ಯಾವುದೇ ಕಣ್ಣಿಗೆ ಬೀಳಲಿ, ಅದನ್ನು ಆಟೋಮ್ಯಾಟಿಕ್ ಮಾಡೋವರೆಗೂ ನಿದ್ದೆ ಬರಲ್ಲ. ಆಫೀಸಿನ ರಿಪೋರ್ಟಿನ ಮಟ್ಟಿಗೆ ಅಡ್ಡಿಯಿಲ್ಲ, ತಪ್ಪಾದರೆ ನಾಳೆ ತಿದ್ದಿ ಮತ್ತೆ ಬಿಡಬಹುದು. ವಿಮಾನದ ಇಂಧನಕ್ಕೂ ಅದೇ ಧೈರ್ಯ ತೋರಿಸಿದರೆ ನಾನು ಒಪ್ಪಲ್ಲ.

ಅಮೆರಿಕದಲ್ಲಿ ಜನ ಗ್ಯಾರೇಜಿನಲ್ಲಿ ಸ್ವಂತ ವಿಮಾನ ಕಟ್ಟಿಕೊಳ್ತಾರೆ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಕಲಿಕೆಗೋ ಖುಷಿಗೋ ತಾವೇ ಮಾಡಿದ್ದರೆ ಅಲ್ಲಿನ ಎಫ್‌ಎಎ ಅದಕ್ಕೆ 'ಎಕ್ಸ್‌ಪೆರಿಮೆಂಟಲ್' ಎಂಬ ಹಣೆಪಟ್ಟಿ ಹಚ್ಚಿ ಹಾರಲು ಬಿಡುತ್ತದೆ. ಕಾರ್ಖಾನೆಯಲ್ಲಿ ತಯಾರಾದ ವಿಮಾನದ ವಿನ್ಯಾಸಕ್ಕೆ ಇರುವ ಕಟ್ಟುನಿಟ್ಟಿನ ಪ್ರಮಾಣೀಕರಣ ಇದಕ್ಕಿಲ್ಲ. ಟ್ಯಾಂಕು, ಪೈಪು, ಪಂಪು ಎಲ್ಲಿರಬೇಕು, ಹೇಗಿರಬೇಕು ಅನ್ನೋದು ಬಹುಮಟ್ಟಿಗೆ ಕಟ್ಟುವವನ ವಿವೇಕಕ್ಕೆ ಬಿಟ್ಟದ್ದು.

ಇಂಥ ವಿಮಾನಗಳಲ್ಲಿ ಹೆಚ್ಚಿನವಕ್ಕೆ ಎಡ ರೆಕ್ಕೆಯಲ್ಲೊಂದು, ಬಲ ರೆಕ್ಕೆಯಲ್ಲೊಂದು ಟ್ಯಾಂಕ್. ಪೈಲಟ್ ಆಗಾಗ ನಲ್ಲಿ ತಿರುಗಿಸಿ ಒಂದರಿಂದ ಇನ್ನೊಂದಕ್ಕೆ ಬದಲಾಯಿಸಬೇಕು. ಮರೆತರೆ ಒಂದು ಟ್ಯಾಂಕ್ ಬರಿದಾಗಿ ಇಂಜಿನ್ ನಿಲ್ಲುತ್ತದೆ, ಇನ್ನೊಂದರಲ್ಲಿ ಇಂಧನ ತುಂಬಿರುತ್ತದೆ. ದೂರ ಹೋಗುವವರು ಮೂರನೆಯ ಟ್ಯಾಂಕನ್ನೂ ಇಟ್ಟುಕೊಳ್ತಾರೆ. ಆಗ ನಮ್ಮವನೊಬ್ಬನ ತಲೆಯಲ್ಲಿ ದೀಪ ಹತ್ತುತ್ತದೆ: ಒಂದು ಮೈಕ್ರೋಕಂಟ್ರೋಲರ್, ಎರಡು ಲೆವೆಲ್ ಸೆನ್ಸರ್, ಒಂದು ರಿಲೇ, ಒಂದು ಪಂಪು, ಐವತ್ತು ಸಾಲು ಕೋಡ್. ಮುಗೀತು.

ಮುಗೀಲಿಲ್ಲ ಸ್ವಾಮಿ, ತಾಪತ್ರಯ ಶುರುವಾಗೋದೇ ಅಲ್ಲಿಂದ. ರೆಕ್ಕೆ ತುದಿಯ ಕಡೆಗೆ ಮೇಲೇರಿರುತ್ತೆ, ಫ್ಲೋಟ್ ಮಾತ್ರ ಒಳತುದಿಯಲ್ಲಿರುತ್ತೆ. ಹಾಗಾಗಿ ಎಷ್ಟೋ ಲೀಟರ್ ಖರ್ಚಾದರೂ ಫ್ಲೋಟ್ ಟ್ಯಾಂಕಿನ ಚಾವಣಿಗೆ ಒತ್ತಿಕೊಂಡು 'ಫುಲ್' ಅಂತಲೇ ಹೇಳ್ತಿರುತ್ತೆ. ವಿಮಾನ ಕುಲುಕಿದಾಗ ಇಂಧನವೂ ತುಳುಕುತ್ತೆ, ಸೆನ್ಸರ್ ಕ್ಷಣಕ್ಕೊಂದು ಅಂಕಿ ಕೊಡುತ್ತೆ. ಇನ್ನು ರಿಲೇ. ಅದರ ಕಾಂಟ್ಯಾಕ್ಟ್ ಅಂಟಿಕೊಂಡರೆ ಕೋಡ್ 'ನಿಲ್ಲು' ಅಂದರೂ ಪಂಪು ನಿಲ್ಲಲ್ಲ. ಇಂಜಿನ್ ಗಂಟೆಗೆ 30 ಲೀಟರ್ ಕುಡಿಯುತ್ತೆ, ಪಂಪು ಗಂಟೆಗೆ 100 ಲೀಟರ್ ತಳ್ಳುತ್ತೆ ಅಂತಿಟ್ಟುಕೊಳ್ಳಿ. ಟ್ಯಾಂಕ್ ತುಂಬಿದ ಮೇಲೆ ಹೆಚ್ಚಿನದ್ದು ಗಾಳಿ ಆಡುವ ಕೊಳವೆಯಿಂದ ಹೊರಗೆ ಚೆಲ್ಲುತ್ತದೆ. ಇಪ್ಪತ್ತೇ ನಿಮಿಷದಲ್ಲಿ 23 ಲೀಟರ್ ಆಕಾಶದ ಪಾಲು. ಪೈಲಟ್ ಎದುರಿನ ಪರದೆಯಲ್ಲಿ ಮಾತ್ರ ಟ್ಯಾಂಕ್ ಫುಲ್, ಹಸಿರು ದೀಪ.

ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಹಾಕಿ ಮಲಗಿರ್ತೀವಿ. ರಾತ್ರಿ ಎರಡಕ್ಕೆ ಕರೆಂಟ್ ಬರುತ್ತೆ, ಮೋಟಾರು ತಾನೇ ಶುರುವಾಗುತ್ತೆ. ಬೋರಿನಲ್ಲಿ ನೀರಿದೆಯೋ ಇಲ್ಲವೋ ಅನ್ನೋದು ಆ ಡಬ್ಬಿಗೆ ಗೊತ್ತಿಲ್ಲ. ಬೆಳಗ್ಗೆ ಹೋಗಿ ನೋಡಿದರೆ ಸುಟ್ಟ ವಾಸನೆ. ಅದಕ್ಕೇ ಬುದ್ಧಿವಂತ ರೈತ ನೀರಿಲ್ಲದಾಗ ಮೋಟಾರು ನಿಲ್ಲಿಸೋ ಸಾಧನವನ್ನೂ ಜೊತೆಗೆ ಹಾಕಿಸ್ತಾನೆ. ಗದ್ದೆಯಲ್ಲಾದರೆ ವೈಂಡಿಂಗ್ ಖರ್ಚಿಗೆ ಮುಗಿಯುತ್ತೆ. ಐದು ಸಾವಿರ ಅಡಿ ಮೇಲೆ ವೈಂಡಿಂಗ್ ಅಂಗಡಿ ಇಲ್ಲ.

"ಪೈಲಟ್ ಮನುಷ್ಯ ತಾನೇ, ಮರೀತಾನೆ, ಎಡವುತ್ತಾನೆ, ಜಾನ್ ಡೆನ್ವರ್ ಸತ್ತಿದ್ದು ಹಾಗೇ ಅಲ್ವಾ?" ಅಂತ ಕೇಳ್ತಾರೆ. ಸರಿ, ಅದನ್ನೇ ನೋಡೋಣ. 1997ರ ಅಕ್ಟೋಬರ್ 12ರಂದು ಆ ಗಾಯಕ ಹೊಸದಾಗಿ ಕೊಂಡಿದ್ದ ಲಾಂಗ್-ಈಝಿ ವಿಮಾನದಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಗೆ ಬಿದ್ದು ತೀರಿಕೊಂಡರು. ಬರ್ಟ್ ರುಟಾನ್ ಕೊಟ್ಟ ನಕ್ಷೆಯಲ್ಲಿ ಇಂಧನದ ನಲ್ಲಿ ಪೈಲಟ್‌ನ ಕಾಲುಗಳ ನಡುವೆ ಇತ್ತು. ಕಟ್ಟಿದವನು ಅದನ್ನು ಎಡ ಭುಜದ ಹಿಂದಕ್ಕೆ ಒಯ್ದಿದ್ದ. ನಲ್ಲಿಗೆ ಗುರುತಿಲ್ಲ, ಇಂಧನದ ಮಟ್ಟ ತೋರಿಸೋ ಗಾಜಿಗೂ ಗುರುತಿಲ್ಲ. ಹಿಂದೆ ತಿರುಗಿ ನಲ್ಲಿಗೆ ಕೈ ಚಾಚುವಾಗ ಗೊತ್ತಿಲ್ಲದೆ ಬಲ ರಡ್ಡರ್ ಒತ್ತಿ ಹಿಡಿತ ತಪ್ಪಿತು ಅನ್ನೋದು ಅಲ್ಲಿನ ತನಿಖಾ ಮಂಡಳಿಯ ತೀರ್ಮಾನ. ವಿಮಾನಕ್ಕೆ ಹೊಂದಿಕೊಳ್ಳಲು ಸಾಕಷ್ಟು ತರಬೇತಿ ಇರಲಿಲ್ಲ ಅನ್ನೋದನ್ನೂ ಅದು ಕಾರಣಗಳಲ್ಲಿ ಸೇರಿಸಿತು.

ಈಗ ಹೇಳಿ, ಇಲ್ಲಿ ಕೊರತೆಯಾಗಿದ್ದು ಕೋಡೇ? ನಲ್ಲಿ ಕೈಗೆಟುಕೋ ಜಾಗದಲ್ಲಿದ್ದು, ಗಾಜಿನ ಮೇಲೆ ನಾಲ್ಕು ಗೆರೆ ಎಳೆದಿದ್ದರೆ ಈ ಕಥೆ ಬೇರೆ ಆಗ್ತಿತ್ತು. ನೆಟ್ಟಗಿಲ್ಲದ ಪೈಪಿನ ಮೇಲೆ ಸಾಫ್ಟ್‌ವೇರ್ ಹೊದಿಸಿದರೆ ಪೈಪು ನೆಟ್ಟಗಾಗಲ್ಲ.

ದೊಡ್ಡ ಕಂಪನಿಗಳ ಆಟೋಮ್ಯಾಟಿಕ್ ಆದರೂ ಎಲ್ಲವನ್ನೂ ಹೇಳುತ್ತೆ ಅಂದುಕೊಳ್ಳಬೇಡಿ. 2001ರ ಆಗಸ್ಟ್ 24ರಂದು ಟೊರಾಂಟೊದಿಂದ ಲಿಸ್ಬನ್‌ಗೆ ಹೊರಟ ಏರ್ ಟ್ರಾನ್ಸಾಟ್ ಕಂಪನಿಯ ಏರ್‌ಬಸ್ ಎ330ರ ಬಲ ಇಂಜಿನ್ನಿನ ಇಂಧನ ಪೈಪು ಸೋರತೊಡಗಿತು. ಬಾಲದ ಟ್ಯಾಂಕಿನಲ್ಲಿದ್ದ ಇಂಧನವನ್ನು ವ್ಯವಸ್ಥೆ ತಾನಾಗಿಯೇ ಬಲ ರೆಕ್ಕೆಗೆ ಸುರಿಯಿತು. ಅದರಿಂದ ಎಡ ಬಲದ ವ್ಯತ್ಯಾಸ ಮುಚ್ಚಿಹೋಗಿ, ಎಚ್ಚರಿಕೆ ಬರುವುದು ತಡವಾಯಿತು. ಬಂದಾಗ ಪೈಲಟ್‌ಗಳು ಎಡ ಟ್ಯಾಂಕಿನದ್ದನ್ನೂ ಸೋರುವ ಕಡೆಗೇ ತಿರುಗಿಸಿದರು. ಕೊನೆಗೆ ಎರಡೂ ಇಂಜಿನ್ ನಿಂತವು. ಸುಮಾರು 19 ನಿಮಿಷ ಇಂಜಿನ್ನಿಲ್ಲದೆ ತೇಲಿ ಅಝೋರ್ಸ್ ದ್ವೀಪದಲ್ಲಿ ಇಳಿದದ್ದರಿಂದ 306 ಜೀವ ಉಳಿಯಿತು. ಆ ವ್ಯವಸ್ಥೆ ಕೆಟ್ಟಿರಲಿಲ್ಲ, ಹೇಳಿದ ಕೆಲಸವನ್ನೇ ಚಾಚೂ ತಪ್ಪದೆ ಮಾಡಿತ್ತು. ಸಮಸ್ಯೆ ಅದೇ.

ಹಾಗಂತ ನಾನು ಕೋಡನ್ನು ಗ್ಯಾರೇಜಿನಿಂದ ಓಡಿಸಿ ಅಂತಿಲ್ಲ. ಅದು ಹೆಚ್ಚುವರಿ ಟ್ಯಾಂಕಿನಿಂದ ಮುಖ್ಯ ಟ್ಯಾಂಕಿಗೆ ಸಾಗಿಸಲಿ. ಮುಖ್ಯ ಟ್ಯಾಂಕಿಗೂ ಇಂಜಿನ್ನಿಗೂ ನಡುವಿನ ನಲ್ಲಿ ಮಾತ್ರ ಪೈಲಟ್‌ನ ಕೈಯಲ್ಲೇ ಇರಲಿ. ಪಂಪಿನ ಸ್ವಿಚ್ಚು ನಿಜವಾಗಿ ಕರೆಂಟ್ ಕಡಿಯಬೇಕು, ಪರದೆ ಮೇಲಿನ ಬಟನ್ ಸಾಲದು. ತುಂಬಿ ಹೆಚ್ಚಾದ ಇಂಧನ ಬಂದ ಟ್ಯಾಂಕಿಗೇ ವಾಪಸ್ ಹೋಗುವಷ್ಟು ಅಗಲದ ಪೈಪು ಇರಲಿ. ಪಂಪು ಓಡುತ್ತಿದ್ದೂ ಮಟ್ಟ ಏರದಿದ್ದರೆ ಕೂಗಲಿ. ಎಲ್ಲಕ್ಕಿಂತ ಮುಖ್ಯ, ಲೆಕ್ಕ ತಾಳೆ ನೋಡಲಿ: ಹೊರಡುವಾಗ ಇದ್ದದ್ದರಲ್ಲಿ ಇಂಜಿನ್ ಕುಡಿದದ್ದನ್ನು ಕಳೆದರೆ ಬರುವ ಅಂಕಿಗೂ ಈಗ ಟ್ಯಾಂಕುಗಳಲ್ಲಿ ಇರುವ ಮೊತ್ತಕ್ಕೂ ತಾಳೆಯಾಗದಿದ್ದರೆ, ಸಾಗಾಟ ನಿಲ್ಲಿಸಿ ಪೈಲಟ್‌ಗೆ ಹೇಳಲಿ.

ಐವತ್ತು ಸಾಲು ಬರೆದವರು ಬರೆಯಬೇಕಾದ ಉಳಿದ ಐನೂರು ಸಾಲು ಇವೇ. ಅಷ್ಟು ಬರೆಯೋಕೆ, ಬರೆದದ್ದನ್ನು ನೆಲದ ಮೇಲೆ ವೈರು ಕಿತ್ತು, ಸೆನ್ಸರ್ ಕೆಡಿಸಿ ಪರೀಕ್ಷೆ ಮಾಡೋಕೆ ತಾಳ್ಮೆ ಇಲ್ಲದಿದ್ದರೆ ಕೈಗೊಂದು ಗಡಿಯಾರ ಕಟ್ಟಿಕೊಳ್ಳಿ, ಅರ್ಧ ಗಂಟೆಗೊಮ್ಮೆ ನಲ್ಲಿ ತಿರುಗಿಸಿ. ಅದಕ್ಕೆ ಸಾಫ್ಟ್‌ವೇರ್ ಅಪ್‌ಡೇಟೂ ಬೇಡ.