ಅಟ್ಟದ ಮೇಲಿನ ನಿಕಾಹ್ ಟೇಪು, ಕಂಪ್ಯೂಟರಿನ ಟಿವಿ ಕಾರ್ಡು



ಚಿಕ್ಕನಾಯಕನಹಳ್ಳಿ ಕಡೆಯಿಂದ ಓದುಗ ಸಹೋದರಿಯೊಬ್ಬರು ಪತ್ರ ಬರೆದಿದ್ದಾರೆ. 1993ರಲ್ಲಿ ನಡೆದ ಅವರ ನಿಕಾಹ್‌ನ ಮೂರು ಗಂಟೆಯ ವಿಡಿಯೋ ಟೇಪು ಮನೆಯಲ್ಲಿದೆ. ಅದರಲ್ಲಿ ಅವರ ಮರ್ಹೂಮಾ ತಾಯಿ ಓಡಾಡುತ್ತಾರೆ, ಯಾರನ್ನೋ ಗದರುತ್ತಾರೆ, ನಗುತ್ತಾರೆ. ತಾಯಿಯ ಫೋಟೋಗಳು ಬೇರೆಯೂ ಇವೆ. ಧ್ವನಿ ಉಳಿದಿರುವುದು ಇದೊಂದರಲ್ಲಿ ಮಾತ್ರ. ಪಟ್ಟಣದ ಸ್ಟುಡಿಯೋದವರು ಪೆನ್‌ಡ್ರೈವಿಗೆ ಹಾಕಿಕೊಡುತ್ತೇವೆ ಎನ್ನುತ್ತಾರಂತೆ. ಆದರೆ ಟೇಪಿನ ಅರ್ಧಕ್ಕಿಂತ ಹೆಚ್ಚು ಭಾಗ ಹೆಂಗಸರ ಕಡೆಯದು. ಕ್ಯಾಮೆರಾ ಹಿಡಿದವನು ಮನೆಯದೇ ಹನ್ನೆರಡು ವರ್ಷದ ಹುಡುಗ, ಹಾಗಾಗಿ ಯಾರೂ ಸಂಕೋಚಪಡದೆ ತಲೆ ತೆರೆದು ಮೆಹಂದಿಗೆ ಕೂತಿದ್ದಾರೆ. "ಅದನ್ನು ಹೊರಗೆ ಕೊಡಲು ಮನಸ್ಸು ಒಪ್ಪುತ್ತಿಲ್ಲ. ಅಣ್ಣನ ಹಳೆಯ ಕಂಪ್ಯೂಟರಿನಲ್ಲಿ ಟಿವಿ ಟ್ಯೂನರ್ ಕಾರ್ಡ್ ಇದೆ. ಅದರಲ್ಲೇ ಆಗುತ್ತದೆಯೇ, ಹೊಸದು ಕೊಳ್ಳಬೇಕೇ?" ಎಂದು ಕೇಳಿದ್ದಾರೆ.

ಮದುವೆಯಲ್ಲಿ ವಿಡಿಯೋ ತೆಗೆಸಿದ್ದು ಸರಿಯೋ ತಪ್ಪೋ ಎಂಬುದನ್ನು ಆಲಿಮರಿಗೆ ಬಿಡೋಣ. ಟೇಪಂತೂ ಮನೆಯಲ್ಲಿದೆ, ಅದರೊಳಗೆ ಎಷ್ಟೋ ಹೆಣ್ಣುಮಕ್ಕಳ ಮುಖಗಳಿವೆ. ಅವರು ನಂಬಿ ಕೂತದ್ದು ಆ ಮನೆಯವರನ್ನು. ಸ್ಟುಡಿಯೋದವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಆದರೆ ಟೇಪು ಕಂಪ್ಯೂಟರಿಗೆ ಇಳಿಯುವ ಮೂರು ಗಂಟೆಯೂ ಅವರ ಪರದೆಯ ಮೇಲೆ ಓಡಬಹುದು, ಒಂದು ಪ್ರತಿ ಅಲ್ಲೇ ಉಳಿದುಹೋಗಲೂಬಹುದು. ಅದು ಅಮಾನತ್ ಎಂದು ಈ ಸಹೋದರಿಗೆ ಅನ್ನಿಸಿದ್ದು ಸರಿಯಾಗಿಯೇ ಇದೆ. ಕೆಲಸ ಮನೆಯಲ್ಲೇ ಆಗುತ್ತದೆ. ಆದರೆ ಆತುರ ಮಾಡಬಾರದು. ನಾನು ಮಾಡಿ ಕಳೆದುಕೊಂಡಿದ್ದೇನೆ, ಅದನ್ನೇ ಮೊದಲು ಹೇಳುತ್ತೇನೆ.

ತಿಪಟೂರಿನಲ್ಲಿರುವ ನನ್ನ ಖಾಲಾ ಮನೆಯಲ್ಲಿ ಅವರ ಮಗಳ ಮದುವೆಯ ಟೇಪು ಇತ್ತು. ವಿದಾಯಿಯ ಹೊತ್ತಿನಲ್ಲಿ ನಮ್ಮ ನಾನಿ ಮದುಮಗಳ ತಲೆಯ ಮೇಲೆ ಕೈಯಿಟ್ಟು ದುಆ ಮಾಡುವ ದೃಶ್ಯ ಅದರಲ್ಲಿತ್ತು. 2006ರಲ್ಲಿ ನಾವು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಟಿವಿ ಟ್ಯೂನರ್ ಕಾರ್ಡ್ ತಂದೆವು. ಅಂಗಡಿಯಲ್ಲಿ ನಾನು ಕೇಳಿದ ಪ್ರಶ್ನೆಗಳು ಎರಡೇ: ರಿಮೋಟ್ ಇದೆಯೇ, ಎಫ್‌ಎಂ ರೇಡಿಯೋ ಬರುತ್ತದೆಯೇ? ಎರಡೂ ಇದ್ದವು, ಖುಷಿಯಾಯಿತು. ಮನೆಗೆ ಬಂದು ಟೇಪು ಓಡಿಸಿ ವಿಸಿಡಿ ಅಳತೆಯಲ್ಲಿ ರೆಕಾರ್ಡ್ ಮಾಡಿದೆವು, ಒಂದು ಸಿಡಿಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹಿಡಿಯುತ್ತದೆಂಬ ಆಸೆಗೆ. ವಿಸಿಡಿ ಎಂದರೆ ಚಿತ್ರ 352 ಅಡ್ಡ 288 ಚುಕ್ಕಿ. ಟೇಪಿನಿಂದ ಪೂರ್ಣ ಚಿತ್ರ ಇಳಿಸಿಕೊಳ್ಳಲು ಬೇಕಾದದ್ದು 720 ಅಡ್ಡ 576. ಅಂದರೆ ನಾವು ಇಟ್ಟುಕೊಂಡದ್ದು ಕಾಲು ಭಾಗ. "ಟೇಪು ಇದೆಯಲ್ಲ, ಇನ್ನೊಮ್ಮೆ ಚೆನ್ನಾಗಿ ಮಾಡೋಣ" ಎಂದುಕೊಂಡು ಟೇಪನ್ನು ಮತ್ತೆ ಅಟ್ಟಕ್ಕೆ ಸೇರಿಸಿದರು.

ತಿಪಟೂರು, ತುರುವೇಕೆರೆ ಸೀಮೆಯ ಅಟ್ಟ ಎಂದರೆ ನಿಮಗೆ ಗೊತ್ತು. ಉಂಡೆ ಕೊಬ್ಬರಿಗಾಗಿ ತಿಂಗಳುಗಟ್ಟಲೆ ಕಾಯಿ ಹರವಿರುತ್ತಾರೆ. ಕಾಯಿ ಒಣಗುತ್ತಾ ತೇವ ಬಿಡುತ್ತದೆ, ಕೆಳಗಿನಿಂದ ಹೊಗೆ ಏರುತ್ತದೆ, ಮಟ್ಟೆಯ ದೂಳು ಬೇರೆ. ಕೊಬ್ಬರಿಗೆ ಒಳ್ಳೆಯ ಜಾಗ, ಟೇಪಿಗೆ ಅಲ್ಲ. 2014ರಲ್ಲಿ ಮತ್ತೆ ಇಳಿಸಿದಾಗ ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಂಡಿತು. ಕೆಟ್ಟ ಕೊಬ್ಬರಿಯ ಮೇಲೆ ಬರುತ್ತದಲ್ಲ, ಅದೇ ಬೂಷ್ಟು. ಒರೆಸಿದರೆ ಹೋದೀತೆಂದು ಪೆಟ್ಟಿಗೆಯ ಮೇಲಷ್ಟೇ ಒರೆಸಿ, ಪಕ್ಕದ ಮನೆಯಿಂದ ತಂದ ವಿಸಿಆರ್‌ಗೆ ತುರುಕಿದೆ. ಹತ್ತು ನಿಮಿಷ ಓಡಿ ಕಿರ್ ಎಂದು ನಿಂತಿತು. ತೆಗೆದಾಗ ಟೇಪು ಸುಕ್ಕಾಗಿ ಕರುಳಿನಂತೆ ಹೊರಗೆ ಬಂತು. ಈಗ ನಾನಿಯ ದುಆ ಉಳಿದಿರುವುದು ಆ ವಿಸಿಡಿಯಲ್ಲಿ. ಕೈ ಆಡುವುದು ಕಾಣುತ್ತದೆ, ಮುಖ ಮಸಿ ತೊಡೆದಂತೆ. ಖಾಲಾ ಒಂದು ಮಾತೂ ಆಡಲಿಲ್ಲ.

ಆದ್ದರಿಂದ ಸಹೋದರಿಗೆ ನನ್ನ ಮೊದಲ ಮಾತು: ನಿಮ್ಮ ಟೇಪು ಇನ್ನು ಒಂದೇ ಸಲ ಓಡುತ್ತದೆ ಎಂದು ಎಣಿಸಿ ಎಲ್ಲವನ್ನೂ ಸಿದ್ಧಮಾಡಿ. ಎರಡನೆಯ ಸಲ ಓಡಿದರೆ ಅಲ್ಹಮ್ದುಲಿಲ್ಲಾಹ್. ಇದು ಬರೀ ಹೆದರಿಕೆಯ ಮಾತಲ್ಲ. ವಿಎಚ್‌ಎಸ್ ಟೇಪು ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ಮಾರುಕಟ್ಟೆಗೆ ತಂದದ್ದು. ಅದನ್ನು ಓಡಿಸುವ ವಿಸಿಆರ್‌ಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯಿ ಕಂಪನಿ 2016ರ ಜುಲೈನಲ್ಲಿ ನಿಲ್ಲಿಸಿತು. ಕಾಂತೀಯ ಟೇಪುಗಳನ್ನು ಓಡಿಸುವ ಯಂತ್ರಗಳು 2025ರ ಸುಮಾರಿಗೆ ಸಿಗುವುದೇ ಕಷ್ಟವಾಗುತ್ತದೆ, ಅಷ್ಟರಲ್ಲಿ ಇಳಿಸಿಕೊಳ್ಳಿ ಎಂದು ಯುನೆಸ್ಕೋ 2019ರಲ್ಲೇ ಜಗತ್ತಿನ ಗ್ರಂಥಾಲಯ, ಸಂಗ್ರಹಾಲಯಗಳನ್ನು ಎಚ್ಚರಿಸಿತ್ತು. ಅವರ ಪಾಡೇ ಹಾಗಾದರೆ ನಮ್ಮ ಅಟ್ಟದ ಟೇಪಿನ ಗತಿಯೇನು!

ಈಗ ಕಾರ್ಡಿನ ವಿಷಯ. ಟಿವಿ ಟ್ಯೂನರ್ ಕಾರ್ಡಿನಲ್ಲಿ ಎರಡು ಕೆಲಸ ಸೇರಿವೆ. ಒಂದು, ಆಂಟೆನಾ ಅಥವಾ ಕೇಬಲ್ಲಿನಿಂದ ಚಾನೆಲ್ ಹಿಡಿಯುವುದು. ಇನ್ನೊಂದು, ಹೊರಗಿನ ಯಂತ್ರದಿಂದ ಬರುವ ಚಿತ್ರವನ್ನು ಕಂಪ್ಯೂಟರಿಗೆ ತಿಳಿಯುವ ಅಂಕಿಗಳಾಗಿ ಬದಲಾಯಿಸುವುದು. ಮೊದಲನೆಯದರ ಕಾಲ ಮುಗಿದಿದೆ. ನಮ್ಮ ದೇಶದ ಕೇಬಲ್ 2017ರ ಹೊತ್ತಿಗೆ ಡಿಜಿಟಲ್ ಆಯಿತು, ದೂರದರ್ಶನದ ಹಳೆಯ ಬಗೆಯ ಪ್ರಸಾರವೂ 2022ರ ಹೊತ್ತಿಗೆ ಬಹುಪಾಲು ನಿಂತಿತು. ನಮಗೆ ಬೇಕಾದದ್ದು ಎರಡನೆಯ ಕೆಲಸ. ಹಾಗಾಗಿ ಅಣ್ಣನ ಕಂಪ್ಯೂಟರಿನ ಹಿಂಬದಿ ನೋಡಿ. ಬರೀ ಆಂಟೆನಾ ಸಿಕ್ಕಿಸುವ ಗುಂಡು ತೂತು ಇದೆಯೇ, ಅಥವಾ ಹಳದಿ ಬಣ್ಣದ ಕಿಂಡಿಯೂ ಇದೆಯೇ? ಹಳದಿ ಇದ್ದರೆ ಅರ್ಧ ಕೆಲಸ ಆದಂತೆ. ಕೆಲವು ಕಾರ್ಡುಗಳಲ್ಲಿ ಆ ಕಿಂಡಿ ಒಂದು ಗಿಡ್ಡ ವೈರಿನ ತುದಿಯಲ್ಲಿರುತ್ತದೆ, ಆ ವೈರು ಕಳೆದಿದ್ದರೆ ಹುಡುಕಿ. ಆಂಟೆನಾ ತೂತಿನಿಂದಲೂ ಟೇಪು ಇಳಿಸಬಹುದು, ಆದರೆ ಚಿತ್ರದಲ್ಲಿ ಹುಳು ಓಡಿದಂತೆ ಗೆರೆಗಳು ಬರುತ್ತವೆ. ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಅದು.

ಹಳೆಯ ಕಂಪ್ಯೂಟರ್ ಇನ್ನೂ ಓಡುತ್ತಿದ್ದು, ಅದರಲ್ಲಿ ಹಳೆಯ ವಿಂಡೋಸ್ ಎಕ್ಸ್‌ಪಿ ಇದ್ದರೆ ಅದನ್ನು ಹಾಗೇ ಬಿಡಿ. ಯಾರಾದರೂ ಹುಡುಗ ಬಂದು "ಆಂಟಿ, ಹೊಸ ವಿಂಡೋಸ್ ಹಾಕಿಕೊಡುತ್ತೇನೆ" ಎಂದರೆ ಚಹಾ ಕೊಟ್ಟು ಕಳುಹಿಸಿ. ಆ ಕಾಲದ ಎಷ್ಟೋ ಕಾರ್ಡುಗಳಿಗೆ ಹೊಸ ವಿಂಡೋಸ್‌ಗೆ ಹೊಂದುವ ಡ್ರೈವರ್ ಬರಲೇ ಇಲ್ಲ. ಕಾರ್ಡನ್ನು ಕಿತ್ತು ಹೊಸ ಕಂಪ್ಯೂಟರಿಗೆ ಹಾಕುತ್ತೇನೆಂದರೂ ಆಗದು, ಅದಕ್ಕೆ ಬೇಕಾದ ಪಿಸಿಐ ಜಾಗ ಈಗಿನವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹಳೆಯದರಲ್ಲಿ ಮಾಡುವಾಗ ಧ್ವನಿಯ ವೈರನ್ನು ಗುಲಾಬಿ ಬಣ್ಣದ ಮೈಕ್ ಕಿಂಡಿಗೆ ಹಾಕಬೇಡಿ, ತಿಳಿನೀಲಿ ಬಣ್ಣದ ಲೈನ್-ಇನ್ ಕಿಂಡಿಗೆ ಹಾಕಿ. ಮೈಕಿಗೆ ಹಾಕಿದರೆ ಅಮ್ಮಿಯ ಮಾತು ಒಡೆದು ಗೊರಗೊರ ಎನ್ನುತ್ತದೆ.

ಹಳೆಯ ಕಂಪ್ಯೂಟರ್ ಓಡದಿದ್ದರೆ ಹೊಸದಾಗಿ ಟ್ಯೂನರ್ ಕಾರ್ಡ್ ಹುಡುಕಿ ಅಲೆಯಬೇಡಿ. ಯುಎಸ್‌ಬಿಗೆ ಸಿಕ್ಕಿಸುವ ವಿಡಿಯೋ ಕ್ಯಾಪ್ಚರ್ ಕಡ್ಡಿ ಎಂದು ಕೇಳಿ. ಒಂದು ತುದಿಯಲ್ಲಿ ಹಳದಿ, ಬಿಳಿ, ಕೆಂಪು ಕಿಂಡಿಗಳಿರಬೇಕು. ಚಿತ್ರ, ಧ್ವನಿ ಎರಡೂ ಅದರ ಮೂಲಕವೇ ಹೋಗುವುದರಿಂದ ಮಾತಿಗೂ ತುಟಿಗೂ ಹೊಂದಿಕೆ ತಪ್ಪುವ ಕಾಟ ಕಡಿಮೆ. ಅಂಗಡಿಯವರು ಎಚ್‌ಡಿಎಂಐ ಕಡ್ಡಿ ಕೊಟ್ಟಾರು, ಅದು ಬೇರೆ ಕೆಲಸದ್ದು, ವಾಪಸ್ ಕೊಡಿ. ತೀರಾ ಅಗ್ಗದವು ನೋಡಲು ಒಂದೇ ಥರ ಇದ್ದರೂ ಒಳಗಿನ ಚಿಪ್ ಬೇರೆಬೇರೆ, ಒಂದರ ಡ್ರೈವರ್ ಇನ್ನೊಂದಕ್ಕೆ ಆಗುವುದಿಲ್ಲ. ಆದ್ದರಿಂದ ನಿಮ್ಮ ವಿಂಡೋಸ್‌ನಲ್ಲಿ ಓಡದಿದ್ದರೆ ಹಿಂದಕ್ಕೆ ತೆಗೆದುಕೊಳ್ಳುತ್ತೀರಾ ಎಂದು ಮೊದಲೇ ಕೇಳಿಕೊಂಡು ಕೊಳ್ಳಿ. ನನ್ನ ಹಾಗೆ ರಿಮೋಟ್ ಕೇಳಬೇಡಿ.

ನಿಜ ಹೇಳಬೇಕೆಂದರೆ ಕಾರ್ಡಿಗಿಂತ ವಿಸಿಆರ್ ಮುಖ್ಯ. ಹಣ ಖರ್ಚು ಮಾಡುವುದಿದ್ದರೆ ಅಲ್ಲಿ ಮಾಡಿ. ಟೇಪಿನ ಮೇಲಿರುವುದನ್ನು ಓದುವುದು ಅದರೊಳಗೆ ನಿಮಿಷಕ್ಕೆ 1500 ಸುತ್ತು ತಿರುಗುವ ಒಂದು ಉರುಳೆ. ಅದರ ಮೇಲೆ ಕೊಳೆ ಕೂತಿದ್ದರೆ ಎಂಥ ದುಬಾರಿ ಕಾರ್ಡೂ ಹಿಮ ಸುರಿಯುವುದನ್ನೇ ರೆಕಾರ್ಡ್ ಮಾಡುತ್ತದೆ. ಬಂಧುಗಳಲ್ಲಿ ಯಾರ ಮನೆಯಲ್ಲಿ ವಿಸಿಆರ್ ಅಥವಾ ವಿಸಿಪಿ ಮೂಲೆಯಲ್ಲಿ ಕೂತಿದೆ ವಿಚಾರಿಸಿ. ಹಳೆಯ ಟಿವಿ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದ ಹಿರಿಯರು ಸಣ್ಣ ಊರುಗಳಲ್ಲಿ ಇನ್ನೂ ಇದ್ದಾರೆ, ಅವರ ಕೈಯಲ್ಲಿ ಹೆಡ್ ಸ್ವಚ್ಛ ಮಾಡಿಸಿ, ರಬ್ಬರ್ ಬೆಲ್ಟ್ ನೋಡಿಸಿ. ಯಂತ್ರವನ್ನು ಅಂಗಡಿಗೆ ಕೊಡಿ, ಟೇಪನ್ನಲ್ಲ. ವಾಪಸ್ ಬಂದ ಮೇಲೆ ಮೊದಲು ಯಾವುದಾದರೂ ಹಳೆಯ ಸಿನಿಮಾ ಟೇಪನ್ನು ಅರ್ಧ ಗಂಟೆ ಓಡಿಸಿ ನೋಡಿ. ಅದನ್ನೇ ಹತ್ತು ನಿಮಿಷ ಕಂಪ್ಯೂಟರಿಗೆ ಇಳಿಸಿ ಧ್ವನಿ ಕೇಳಿ. ಅಂಗಡಿಯ ಅಸಲಿ ಸಿನಿಮಾ ಟೇಪುಗಳಲ್ಲಿ ನಕಲು ತಡೆ ಇರಬಹುದು, ಆಗ ಚಿತ್ರ ಮಂಕಾಗಿ ಮಿನುಗಿದರೆ ಕಾರ್ಡು ಕೆಟ್ಟಿದೆ ಎಂದು ಗಾಬರಿಯಾಗಬೇಡಿ.

ಇದೆಲ್ಲ ಸರಿಹೋದ ಮೇಲೆ ನಿಕಾಹ್ ಟೇಪು ಕೈಗೆತ್ತಿಕೊಳ್ಳಿ. ಪೆಟ್ಟಿಗೆಯ ಗಾಜಿನಿಂದ ಸುರುಳಿಯ ಅಂಚು ನೋಡಿ. ಬಿಳಿ ಪುಡಿ ಕಂಡರೆ ಅಲ್ಲಿಗೇ ನಿಲ್ಲಿಸಿ, ವಿಸಿಆರ್‌ಗೆ ಹಾಕಬೇಡಿ. ಬೂಷ್ಟು ಯಂತ್ರಕ್ಕೂ ಹಿಡಿದು ಮುಂದಿನ ಟೇಪಿಗೂ ಅಂಟುತ್ತದೆ. ಅಂಥದ್ದನ್ನು ಬಿಚ್ಚಿ ಶುಚಿ ಮಾಡಬಲ್ಲವರ ಬಳಿಗೆ ಒಯ್ಯಬೇಕು, ಆಗ ಮನೆಯವರೊಬ್ಬರು ಜೊತೆಗೆ ಕೂತಿರಲಿ. ಪುಡಿ ಇಲ್ಲದಿದ್ದರೆ, ಪೆಟ್ಟಿಗೆಯ ಹಿಂದಿನ ಅಂಚಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಹಲ್ಲು ಇದೆಯೇ ನೋಡಿ. ಇದ್ದರೆ ಸ್ಕ್ರೂಡ್ರೈವರಿನಿಂದ ಮುರಿದುಬಿಡಿ. ಆ ಹಲ್ಲು ಇರುವ ತನಕ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೆ ಮದುವೆಯ ಮೇಲೆ ಇನ್ನೇನೋ ಅಚ್ಚಾಗುತ್ತದೆ. ಮಕ್ಕಳಿರುವ ಮನೆಯಲ್ಲಿ ಇದು ಬಹಳ ಮುಖ್ಯ. ನಂತರ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿಸಿ. ವರ್ಷಗಟ್ಟಲೆ ಅಂಟಿ ಕೂತದ್ದು ಸಡಿಲವಾಗುತ್ತದೆ.

ಕಂಪ್ಯೂಟರಿನಲ್ಲಿ ಪಾಲ್-ಬಿ ಎಂದು ಆರಿಸಿ, ಅಮೆರಿಕದ ಎನ್‌ಟಿಎಸ್‌ಸಿ ಇಟ್ಟರೆ ಬಣ್ಣ ಹೋಗಿ ಚಿತ್ರ ಉರುಳುತ್ತದೆ. ಅಳತೆ 720 ಅಡ್ಡ 576, ಎಂಪೆಗ್-2, ಸೆಕೆಂಡಿಗೆ 8 ಮೆಗಾಬಿಟ್. ಗಂಟೆಗೆ ಸುಮಾರು ಮೂರೂವರೆ ಜಿಬಿ, ಮೂರು ಗಂಟೆಗೆ ಹತ್ತು ಹನ್ನೊಂದು ಜಿಬಿ ಜಾಗ ಬೇಕು. ನೇರವಾಗಿ ಪೆನ್‌ಡ್ರೈವಿಗೆ ರೆಕಾರ್ಡ್ ಮಾಡಬೇಡಿ. ಅನೇಕ ಪೆನ್‌ಡ್ರೈವ್‌ಗಳು ಫ್ಯಾಟ್-32 ಎಂಬ ಬಗೆಯಲ್ಲಿರುತ್ತವೆ, ಅವುಗಳಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ಒಂದು ಗಂಟೆ ಚಿಲ್ಲರೆಯಾದ ಮೇಲೆ ರೆಕಾರ್ಡಿಂಗ್ ತಾನಾಗಿ ನಿಂತು, ಟೇಪು ಮಾತ್ರ ಮುಂದಕ್ಕೆ ಓಡುತ್ತಿರುತ್ತದೆ. ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲೂ ಇದೇ ತೊಡಕು ಇರಬಹುದು, ಎನ್‌ಟಿಎಫ್‌ಎಸ್ ಆಗಿದೆಯೇ ಎಂದು ಅಣ್ಣನನ್ನು ಕೇಳಿ.

ಕರೆಂಟು ಹೋಗುವ ಹೊತ್ತು ನಿಮಗೆ ಗೊತ್ತಿರುತ್ತದೆ, ಆ ಹೊತ್ತು ಬಿಟ್ಟು ಕೂತುಕೊಳ್ಳಿ. ಸಾಧ್ಯವಾದರೆ ಕಂಪ್ಯೂಟರಿನ ಜೊತೆ ವಿಸಿಆರ್ ಅನ್ನೂ ಯುಪಿಎಸ್‌ಗೆ ಸೇರಿಸಿ. ನಡುವೆ ಕರೆಂಟು ಹೋದರೆ ಟೇಪು ಉರುಳೆಗೆ ಸುತ್ತಿಕೊಂಡೇ ನಿಂತಿರುತ್ತದೆ, ಎಳೆಯಬೇಡಿ, ಕರೆಂಟು ಬಂದ ಮೇಲೆ ತಾನೇ ಬಿಡುತ್ತದೆ.

ಇಳಿಸಿದ ಫೈಲನ್ನು ಕತ್ತರಿಸದೆ, ಅಂದ ಮಾಡದೆ ಹಾಗೇ ಎರಡು ಬೇರೆ ಹಾರ್ಡ್ ಡಿಸ್ಕಿನಲ್ಲಿಡಿ. ಆಮೇಲೆ ಇನ್ನೊಂದು ಪ್ರತಿಯಲ್ಲಿ ಹೆಂಗಸರ ಕಡೆಯ ಭಾಗ ತೆಗೆದು, ಖುತ್ಬಾ, ವಲೀಮಾ, ಅಜ್ಜ, ಚಿಕ್ಕಪ್ಪಂದಿರು ಇರುವಷ್ಟನ್ನು ಬಂಧುಗಳಿಗೆ ಕೊಡಿ. ಪೂರ್ತಿ ಪ್ರತಿಯನ್ನು ವಾಟ್ಸಾಪ್ ಗುಂಪಿಗೆ ಹಾಕಿದರೆ ಸ್ಟುಡಿಯೋಗೆ ಕೊಡದೆ ಕಾಪಾಡಿದ್ದು ಏನಾಯಿತು? ತಾಯಿಯ ಮಾತಿರುವ ತುಣುಕುಗಳನ್ನು ಧ್ವನಿ ಮಾತ್ರವಾಗಿ ಬೇರೆ ಮಾಡಿಟ್ಟುಕೊಳ್ಳಬಹುದು, ಅದನ್ನು ಅಣ್ಣ ತಮ್ಮಂದಿರಿಗೂ ಮೊಮ್ಮಕ್ಕಳಿಗೂ ಸಂಕೋಚವಿಲ್ಲದೆ ಕೊಡಬಹುದು. ಟೇಪನ್ನು ಎಸೆಯಬೇಡಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ ಬೀರುವಿನಲ್ಲಿಡಿ.

ಚಿಕ್ಕನಾಯಕನಹಳ್ಳಿಯ ಸಹೋದರಿ, ಈ ಸಂಚಿಕೆ ಕೈಸೇರಿದ ದಿನವೇ ಟೇಪನ್ನು ಅಟ್ಟದಿಂದ ಇಳಿಸಿ. ಸುರುಳಿಯ ಅಂಚು ಹೇಗಿದೆ, ಅಣ್ಣನ ಕಾರ್ಡಿನಲ್ಲಿ ಹಳದಿ ಕಿಂಡಿ ಇದೆಯೇ, ಎರಡನ್ನೂ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಮುಂದಿನದನ್ನು ಇನ್‌ಶಾ ಅಲ್ಲಾಹ್ ಅಲ್ಲಿಂದ ನೋಡೋಣ.